ದಂಡೆ ಇದ್ದ ಜಾಗ

"ಯಾರ್ ಮೇಲೆ ಕೂಗಾಡ್ತೀಯ ಮಾದಿ? ನಿನ್ ಮಗ್ಳೇ ಎಳ್ದಿರೋ ಗೀಟು ಕಣೆ ಇದು. ಓದ್ಸಿದ್ದು ಸಾರ್ಥಕ ಆಯ್ತು ಬುಡು."

ಅಮೃತೇಶ್ ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿಕೊಂಡು ನಗುತ್ತಿದ್ದ. ನನ್ನ ಅವ್ವ ಮಾದಮ್ಮ ನನ್ನ ಕಡೆ ತಿರುಗಿದಳು. ನಕ್ಷೆಯ ಮೂಲೆಯಲ್ಲಿ ನನ್ನ ಹೆಸರೇ ಇತ್ತು: ಯಶೋಧರಾ, ಸಂಶೋಧನಾ ವಿದ್ಯಾರ್ಥಿನಿ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಡಲತೀರ ಯಾಕೆ ಕರಗುತ್ತಿದೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಉಪಗ್ರಹ ಚಿತ್ರಗಳ ಮೇಲೆ ವರ್ಷವರ್ಷದ ದಡದ ಗೆರೆ ಎಳೆಯುವುದು ಕೆಲಸ. ಕಡಲಿಗೆ ಸೇರಬೇಕಾದ ಮರಳು ಎಲ್ಲಿ ಹೋಯಿತು ಎಂದು ಕಾವೇರಿಯನ್ನು ಹಿಡಿದು ಮೇಲೆ ಮೇಲೆ ಬಂದವಳು ಕೊನೆಗೆ ನಮ್ಮೂರ ದಂಡೆಗೇ ಬಂದು ನಿಂತೆ. ಅಮೃತೇಶನ ಲಾರಿಗಳು ಮರಳು ಬಗೆದಷ್ಟೂ ಹೊಳೆ ನಮ್ಮ ಕೇರಿಯ ಕಡೆಗೆ ಸರಿದಿತ್ತು. ಮರಳು ತೆಗೆಯುವುದನ್ನು ನಿಲ್ಲಿಸುತ್ತಾರೆಂದು ನಂಬಿ, ಪೆದ್ದಿ ನಾನು, ಎಲ್ಲ ಗೆರೆಗಳನ್ನೂ ಅರ್ಜಿಗೆ ಲಗತ್ತಿಸಿ ತಾಲ್ಲೂಕು ಕಚೇರಿಗೆ ಕೊಟ್ಟು ಬಂದೆ. ಅವರು ಹಳೆಯವನ್ನೆಲ್ಲ ಬಿಟ್ಟು ಈ ವರ್ಷದ ಗೆರೆಯೊಂದನ್ನೇ ಇಟ್ಟುಕೊಂಡರು. ಆ ಲೆಕ್ಕದಲ್ಲಿ ನಮ್ಮ ಇಪ್ಪತ್ತೊಂದು ಮನೆಗಳೂ ಹೊಳೆಯ ಒತ್ತುವರಿ. ವಾರದೊಳಗೆ ಖಾಲಿ ಮಾಡಬೇಕು.

ಸರ್ವೆಯರ್ ಕಾಂತರಾಜು ದಡದಿಂದ ಟೇಪು ಹಿಡಿದು ಅಳೆದು, ನಮ್ಮ ಗೋಡೆಗಳಿಗೆ ಕೆಂಪು ಬಣ್ಣ ಬಳಿಸುತ್ತಿದ್ದ.

"ನಾವು ಒಳೆಗೆ ಓಗಿಲ್ಲ ಸಾ. ಒಳೇನೇ ನಮ್ ಅಟ್ಟಿಗೆ ಬಂದದೆ," ಎಂದಳು ಅವ್ವ. "ನಮ್ ಸುಡುಗಾಡು ಅಗೋ ಆ ನೀರಿರೋ ತಾವಿತ್ತು. ನಮ್ಮವ್ವನ್ನ ಅಲ್ಲೇ ಮಣ್ ಮಾಡಿದ್ದು."

"ದಾಖ್ಲೆ ಐತೇನಮ್ಮ?" ಕಾಂತರಾಜು ಕೇಳಿದ.

"ಬೋಳಿಮಕ್ಳು, ಇವರ ಎಣಗಳಿಗೂ ದಾಖ್ಲೆ ಬೇರೆ," ಎಂದು ಅಮೃತೇಶ್ ಉಗಿದ.

ನಾನು ಫೋನಿನಲ್ಲಿ ಹದಿನೆಂಟು ವರ್ಷದ ಹಿಂದಿನ ಗೆರೆ ತೆರೆದು ತೋರಿಸಿದೆ. ನಾವು ನಿಂತ ಚುಕ್ಕೆಗೂ ಆ ಗೆರೆಗೂ ನೀರಿನೊಳಕ್ಕೆ ಮೂವತ್ತೆಂಟು ಮೀಟರ್.

"ಫೋನಲ್ಲಿದ್ರೆ ಆಯ್ತಾ? ನಾನ್ ಅಳೆಯೋದು ದಡದಿಂದ," ಎಂದ ಕಾಂತರಾಜು.

"ಆ ಹಳೇ ದಡದಿಂದ್ಲೇ ಅಳೀರಿ. ತೋರಿಸ್ತೀನಿ."

ಟೇಪಿನ ತುದಿಯನ್ನು ಅವನ ಕೈಯಿಂದ ಕಿತ್ತುಕೊಂಡು ನೀರಿಗಿಳಿದೆ. ಮೊಣಕಾಲು, ಸೊಂಟ. ಫೋನನ್ನು ತಲೆಯ ಮೇಲೆತ್ತಿ ಹಿಡಿದಿದ್ದೆ.

"ನಿಂತ್ಕೊ ಕೂಸೇ," ಅವ್ವ ಸೀರೆ ಎತ್ತಿ ಕಟ್ಟಿ ಹಿಂದೆಯೇ ಬಂದಳು. "ಅಲ್ಲೆಲ್ಲ ಗುಂಡಿಗಳವೆ. ಈ ಅಮೃತೇಶನ ಕೂಲಿಗೆ ಮರಳು ತಗ್ದೋಳು ನಾನೇ, ನಂಗೊತ್ತು. ನನ್ ಇಂದೆ ಬಾ."

ಕಾಲಿನಿಂದ ತಡಕುತ್ತಾ ಅವಳು ಮುಂದಾದಳು. ನೀರು ಎದೆಗೆ ಬಂತು. ದಡದಲ್ಲಿ ಕೇರಿಯವರೆಲ್ಲ ನೀರಿನಂಚಿಗೆ ಬಂದು ನಿಂತಿದ್ದರು. ಕಾಂತರಾಜು ಟೇಪಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಮೃತೇಶನ ಮುಖ ನೋಡಿದ.

"ಬುಟ್ಬುಡ್ಲಾ ಟೇಪ," ಎಂದ ಅಮೃತೇಶ್, ಮೆಲ್ಲಗೆ.

ನನ್ನ ಕಾಲಡಿಯ ಮರಳು ಜಾರತೊಡಗಿತು. ಫೋನು ನೋಡಿದೆ. ಇನ್ನೂ ಹನ್ನೊಂದು ಮೀಟರ್ ಇತ್ತು. ಅವ್ವ ಕತ್ತಿನವರೆಗಿನ ನೀರಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟಳು.