ತಿಪ್ಪಣ್ಣ ಮಾಸ್ತರರ ಕೊರಳ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ನಾನು ಒಮ್ಮೆ ಕೂಗಿದರೆ ಮೂರು ಜಿಲ್ಲೆಯ ಜನ ಎದ್ದು ನಿಲ್ಲುತ್ತಿದ್ದರು, ಓಡುವ ಬಸ್ಸು ನಿಲ್ಲುತ್ತಿತ್ತು, ತೊಟ್ಟಿಲ ಕೂಸು ಅಳು ನುಂಗುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು. ಕೂಸು ಇನ್ನೂ ಜೋರಾಗಿ ಅಳುತ್ತಿತ್ತು. ಬಸ್ಸು ಒಮ್ಮೆ ನಿಂತದ್ದು ಮಾತ್ರ ನಿಜ; ಕಂಡಕ್ಟರನೇ ಊದಿದನೆಂದು ಡ್ರೈವರ್ ತಿಳಿದಿದ್ದ.

ನಾನು ಹುಟ್ಟಿದ್ದು ಕಂಚುಗಾರರ ಓಣಿಯಲ್ಲಿ. ಹೊಟ್ಟೆಗೆ ಒಂದು ಬೆಂಡಿನ ಗುಂಡು ಹಾಕಿ ಬೆಸೆದರು. ಅಂದಿನಿಂದ ನನಗೆ ಗಾಳಿಯೇ ಊಟ. ಮೊದಲು ಒಬ್ಬ ಡ್ರಿಲ್ ಮಾಸ್ತರರ ಕೊರಳಿಗೆ ಬಿದ್ದೆ. ಅವರು ತೀರಿಕೊಂಡರು, ನಾನು ವಿಧವೆಯಾದೆ. ತಿಂಗಳು ಕಳೆಯುವುದರೊಳಗೆ ಅವರ ಶಿಷ್ಯ ತಿಪ್ಪಣ್ಣ ಮಾಸ್ತರರ ಕೊರಳೇರಿದೆ. ಜನ ಏನಾದರೂ ಅಂದುಕೊಳ್ಳಲಿ, ಮೂಲೆಯಲ್ಲಿ ಕೂರುವ ವಯಸ್ಸೇ ಅದು?

ತಿಪ್ಪಣ್ಣ ಮಾಸ್ತರರು ಹುಡುಗಿಯರಿಗೆ ಕಬಡ್ಡಿ ಕಲಿಸುವವರು. ತಂಡ ಗೆದ್ದರೆ ಹಾರ, ಸೋತರೆ ಬಸ್ ಸ್ಟ್ಯಾಂಡು. ಗದಗ, ಕೊಪ್ಪಳ, ಮುಧೋಳ ಎಂದು ಊರು ಬದಲಾದರೂ ಪಾಠ ಒಂದೇ: ಸೀಟಿ ಕೇಳಿದ ಕೂಡಲೇ ಹಿಡಿದವಳನ್ನು ಬಿಡಬೇಕು. ಬಿಡದವಳಿಗೆ ಬೈಗುಳ: "ಆಕಿ ಕಾಲು ಮುರದ್ರ ಅವರವ್ವಗ ನೀ ಉತ್ತರ ಹೇಳ್ತೀಯೇನು?"

ಇಳಕಲ್ಲಿಗೆ ಬಂದ ದಿನವೇ ಅವರ ಹೆಂಡತಿ ಬಸಲಿಂಗವ್ವ ಹೇಳಿಬಿಟ್ಟಳು: "ನಿಮ್ಮ ಹಿಂದ ಗಂಟು ಹೊತ್ತು ಹೊತ್ತು ನನ್ನ ನೆತ್ತಿ ಚಪ್ಪಟಿ ಆಗೇತಿ. ಈ ಸಲ ಸೋತ್ರ ನೀವೊಬ್ರ ಬಸ್ ಹತ್ರಿ. ನಾ ಇಲ್ಲೇ ಇರಾಕಿ."

ಇಲ್ಲಿನ ಕಬಡ್ಡಿ ಕ್ಲಬ್ಬಿನ ಅಧ್ಯಕ್ಷ ಮುರಿಗೆಪ್ಪನ ಮಾತೂ ಅಷ್ಟೇ ಖಡಕ್ಕು: "ಫೈನಲ್ ಗೆದ್ರ ಖಾಯಂ, ಮಾಸ್ತರ. ಸೋತ್ರ ನಮಸ್ಕಾರ."

ಫೈನಲ್ಲಿನಲ್ಲಿ ಎದುರಾದದ್ದು ಮುಧೋಳದ ತಂಡ, ಮಾಸ್ತರರ ಹಳೆಯ ಶಿಷ್ಯೆಯರು. ನಾವು ಒಂದು ಅಂಕ ಹಿಂದೆ. ಕೊನೆಯ ರೈಡಿಗೆ ನಮ್ಮ ಸುವರ್ಣಾ ನುಗ್ಗಿದಳು. ಮೂವರು ಅವಳ ಕಾಲು, ಸೊಂಟ ಹಿಡಿದು ಕೆಡವಿದರು. ನಡುಗೆರೆಗೆ ಗೇಣು ಬಾಕಿ. ಮಾಸ್ತರರಿಗೆ ಮೈಮೇಲೆ ಎಚ್ಚರವೇ ಇಲ್ಲ. ನನ್ನನ್ನು ಬಾಯಿಗಿಟ್ಟು ಊದಿಯೇಬಿಟ್ಟರು! ಪಂದ್ಯದಲ್ಲಿ ಸೀಟಿ ಊದುವ ಹಕ್ಕು ರೆಫರಿಗೆ ಮಾತ್ರ.

ಮುಧೋಳದ ಮೂವರೂ ಪಟ್ಟನೆ ಕೈಬಿಟ್ಟರು. ಸುವರ್ಣಾ ತೆವಳಿ ಗೆರೆ ಮುಟ್ಟಿದಳು.

"ಯಾರ್ರಿ ಊದಿದ್ದು?" ರೆಫರಿ ಗುಡುಗಿದ. ಇಳಕಲ್ಲಿನವರೆಲ್ಲ ಆಕಾಶ ನೋಡಿದರು. ಬಸಲಿಂಗವ್ವ ಗಂಡನ ಬಾಯನ್ನು ಕಣ್ಣಲ್ಲೇ ಹೊಲಿದಳು.

ಮುಧೋಳದ ಹುಡುಗಿಯೊಬ್ಬಳು ಅಳುತ್ತ ಬಂದಳು. "ಸರ, ನಿಮ್ಮ ಸೀಟಿ ನಮಗ ಗೊತ್ತಿಲ್ಲೇನ್ರಿ? ನೀವ ಕಲಿಸಿದ್ದಕ್ಕ ಬಿಟ್ವಿ."

ಮಾಸ್ತರರ ಕೈ ಮೇಲೆದ್ದಿತು. "ನಾನ ಊದಿದ್ದು. ಹುಡುಗ್ಯಾರದು ತಪ್ಪಿಲ್ಲ. ರೈಡ್ ಇನ್ನೊಮ್ಮೆ ಆಡಸ್ರಿ."

ರೆಫರಿ ಒಪ್ಪಿದ. ಮಾಸ್ತರರು ನನ್ನನ್ನು ಕಳಚಿ ಹೆಂಡತಿಯ ಕೈಗಿಟ್ಟರು. ಸುವರ್ಣಾ ಮತ್ತೆ ನುಗ್ಗಿದಾಗ ಆ ಪುಣ್ಯಾತ್ಗಿತ್ತಿ ಎಷ್ಟು ಬಿಗಿಯಾಗಿ ಮುಷ್ಟಿ ಕಟ್ಟಿದಳೆಂದರೆ, ನನಗೆ ಕೂಗಾಟ ಕೇಳಿಸಿತೇ ಹೊರತು ಏನೂ ಕಾಣಲಿಲ್ಲ.

ಆಟ ಮುಗಿದ ಮೇಲೆ ಮುರಿಗೆಪ್ಪ ಗೊಣಗಿದ್ದು ಕೇಳಿಸಿತು: "ಗೆದ್ರೇನು, ಸೋತ್ರೇನು. ಊರು ಬಿಟ್ಟ ಮ್ಯಾಲೂ ಹುಡುಗ್ಯಾರು ಇವನ ಮಾತು ಕೇಳ್ತಾರ. ನನ್ನ ಮಾತು ನಮ್ಮನ್ಯಾಗ ನಾಯಿನೂ ಕೇಳೂದಿಲ್ಲ. ಇರ್ಲಿ ಬಿಡು, ಇಂವ ಇಲ್ಲೇ ಇರ್ಲಿ."

ಈಗ ನನ್ನ ಗುಂಡು ಸವೆದು, ದನಿ ಒಡೆದಿದೆ. ಇಳಕಲ್ಲಿನ ಅಡುಗೆಮನೆಯ ಮೊಳೆಗೆ ನೇತಾಡುತ್ತೇನೆ. ಬಸಲಿಂಗವ್ವ ನನ್ನನ್ನು ಊದಿದರೆ ಮಾಸ್ತರರು ಊಟಕ್ಕೆ ಬರುತ್ತಾರೆ.

ಆ ಫೈನಲ್ಲಿನ ದಿನ ಸಂಜೆ ಎರಡೂ ತಂಡದ ಹುಡುಗಿಯರು ಇದೇ ಮನೆಯಲ್ಲಿ ಉಂಡರು. ಒಂದು ಸಾಲು ನಗುತ್ತಿತ್ತು, ಒಂದು ಸಾಲು ಮೂಗೆಳೆಯುತ್ತಿತ್ತು. ಮೂಗೆಳೆಯುವ ಸಾಲಿಗೇ ಬಸಲಿಂಗವ್ವ ಮೊದಲು ಹೋಳಿಗೆ ಬಡಿಸಿದಳು. ಆ ಸಾಲಿನಲ್ಲಿ ಕೂತವರು ಯಾವ ಊರಿನವರು? ಹೇಳಿ ನೋಡೋಣ.