ತಂಗಿ ಎಣಿಸಿದ ಅಯಾನುಗಳು

ನಾನು ಅಯಾನುಗಳನ್ನು ಎಣಿಸುವ ಒಂದು ಉಪಕರಣ. ಮೊಸರಿನ ಕುಡಿಕೆಯಷ್ಟು ಗಾತ್ರ, ಮೈಗೆ ಚಿನ್ನದ ಲೇಪ. ಇಷ್ಟು ಕೇಳಿ ಹುಬ್ಬೇರಿಸಬೇಡಿ. ಬಾಹ್ಯಾಕಾಶಕ್ಕೆ ಹೋಗಲೆಂದೇ ಹುಟ್ಟಿ, ಬೆಂಗಳೂರಿನ ಒಂದು ಪ್ರಯೋಗಾಲಯದ ಹೊಸ್ತಿಲನ್ನೂ ದಾಟದವಳು ನಾನು.

ನಾನು ಹುಟ್ಟಿದ ಕೋಣೆಗೆ ಧೂಳು ಬರುವಂತಿರಲಿಲ್ಲ. ಅಲ್ಲಿ ಎಲ್ಲರಿಗೂ ಬಿಳಿ ನಿಲುವಂಗಿ, ಕೈಗೆ ಗವಸು. ಬೆರಳಿನ ಜಿಡ್ಡು ಚೂರು ತಗುಲಿದರೂ ನಮ್ಮಂಥವರು ಕೆಡುತ್ತೇವೆ. "ಬರಿಗೈಲಿ ಮುಟ್ಟಿದ್ರೆ ಮುಗೀತು, ಮೇಲೆ ಹೋಗೋ ಯೋಗ ಹೋಯ್ತು" ಎನ್ನುವುದು ಅಲ್ಲಿನವರ ವಾಡಿಕೆಯ ಮಾತು. ಹಾಗಾಗಿ ನನ್ನನ್ನು ಒಂದೊಂದೇ ತಿರುಪು ಬಿಗಿದು ಕಟ್ಟಿದ ವಿಜ್ಞಾನಿ ಅಂಬುಜಾಕ್ಷಿ ಮೇಡಂ ಅವರ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ ನನಗೆ ತಿಳಿಯಲಿಲ್ಲ.

ನನ್ನ ಬೆನ್ನಿಗೇ ತಂಗಿ ಹುಟ್ಟಿದಳು. ಅದೇ ಅಚ್ಚು, ಅದೇ ಬಣ್ಣ. ನಮ್ಮ ಕುಲದಲ್ಲಿ ಮೊದಲು ಹುಟ್ಟಿದವಳನ್ನು ಅಲುಗಿಸಿ, ಕಾಯಿಸಿ, ಮರಗಟ್ಟಿಸಿ ಪರೀಕ್ಷಿಸುತ್ತಾರೆ. ಆ ಪೆಟ್ಟು ತಿನ್ನದ ಎರಡನೆಯವಳನ್ನು ಉಪಗ್ರಹಕ್ಕೆ ಕಟ್ಟುತ್ತಾರೆ. "ಅಕ್ಕನ್ನ ಮನೇಲಿಟ್ಕೊಂಡು ತಂಗಿಗೆ ಮದ್ವೆ ಮಾಡ್ತಿದೀವಲ್ಲಪ್ಪಾ" ಎಂದು ಕೋಣೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮೇಡಂ ಮಾತ್ರ ನನ್ನ ಮುಚ್ಚಳ ಹಾಕುತ್ತ, "ಮುಂದಿನ ಉಪಗ್ರಹ ನಿಂದೇ ಕಣೆ" ಅಂದರು. ಆ ಒಂದು ಮಾತು ನಂಬಿಕೊಂಡು ವರ್ಷಗಟ್ಟಲೆ ಮೇಜಿನ ಮೇಲೆ ಕುಳಿತೆ.

ತಂಗಿ ಹೋದ ಜಾಗದ ಬಗ್ಗೆ ಒಂದಿಷ್ಟು ಹೇಳಬೇಕು. ಭೂಮಿಯ ಕಾಂತಶಕ್ತಿ ಅದರ ಸುತ್ತ ಬಹುದೂರ ಹಬ್ಬಿದೆ. ಅದಕ್ಕೆ ಕಾಂತಗೋಳ ಎನ್ನುತ್ತಾರೆ. ಅದರೊಳಗೆ ವಿದ್ಯುತ್ತಿನ ಅಂಶ ಹೊತ್ತ ಪರಮಾಣುಗಳು, ಅಂದರೆ ಅಯಾನುಗಳು, ಸಿಕ್ಕಿಬಿದ್ದು ಸುತ್ತುತ್ತಿರುತ್ತವೆ. ತಂಗಿಯ ಕೆಲಸ ಆ ಹಿಂಡಿನ ನಡುವೆಯೇ ಹಾದು, ತನಗೆ ಬಡಿದದ್ದನ್ನು ಎಣಿಸುವುದು. ಅದೇ ಹೊತ್ತಿಗೆ ಬೇರೊಂದು ಉಪಗ್ರಹದ ಕ್ಯಾಮೆರಾ ದೂರದಿಂದ ಇಡೀ ಹಿಂಡಿನ ಚಿತ್ರ ತೆಗೆಯುತ್ತಿತ್ತು. ಕೆಲವು ಅಯಾನುಗಳು ಅಲ್ಲಿರುವ ತೆಳು ಜಲಜನಕದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು, ವಿದ್ಯುತ್ತಿನ ಅಂಶ ಕಳೆದುಕೊಂಡು, ಕಾಂತದ ಹಿಡಿತ ತಪ್ಪಿಸಿಕೊಂಡು ನೇರವಾಗಿ ಹಾರಿಬಿಡುತ್ತವೆ. ಕ್ಯಾಮೆರಾ ಹಿಡಿಯುತ್ತಿದ್ದುದು ಹಾಗೆ ತಪ್ಪಿಸಿಕೊಂಡವುಗಳನ್ನು. ತಂಗಿಗೆ ತಾನಿದ್ದ ಜಾಗವಷ್ಟೇ ಗೊತ್ತು. ಕ್ಯಾಮೆರಾಕ್ಕೆ ಎಲ್ಲವೂ ಕಾಣುತ್ತದೆ, ಆದರೆ ದೂರದಿಂದ. ಎರಡನ್ನೂ ಹೋಲಿಸಿ ನಿಜ ತಿಳಿಯುವುದು ಯೋಜನೆ.

ಮೊದಮೊದಲು ಎರಡೂ ಹೊಂದಿದವು. ಆಮೇಲೆ ಸೂರ್ಯ ಕೆರಳಿ ಕಣಗಳ ದೊಡ್ಡ ಬಿರುಗಾಳಿ ಬಂತು. ಚಿತ್ರದಲ್ಲಿ ಭೂಮಿಯ ಇರುಳಿನ ಬದಿ ಧಗಧಗ ಹೊಳೆಯಿತು. ಅಲ್ಲೇ ಹಾದುಹೋದ ತಂಗಿ ಮಾತ್ರ ಸಣ್ಣ ಲೆಕ್ಕ ಕಳಿಸಿದಳು.

ನನ್ನೆದುರೇ ವಾದ ನಡೆಯಿತು. ತಂಡದ ಮುಖ್ಯಸ್ಥರು ಡಾ. ವೃಷಭೇಂದ್ರ, ಚಿತ್ರದಿಂದ ಅಯಾನುಗಳ ಲೆಕ್ಕ ತೆಗೆಯುವ ವಿಧಾನ ಅವರದೇ.

"ವಯಸ್ಸಾಯ್ತಮ್ಮ ಅದಕ್ಕೆ. ಅಯಾನುಗಳ ಪೆಟ್ಟು ತಿಂದೂ ತಿಂದೂ ಕಣ್ಣು ಮಂಜಾಗಿದೆ," ಅಂದರು.

"ಅವ್ಳು ಅಲ್ಲೇ ಇದ್ಲು ಸರ್. ಕ್ಯಾಮೆರಾ ಎಲ್ಲೋ ಇತ್ತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ," ಅಂದರು ಮೇಡಂ.

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾನೂ ಹಿರೀಕರು ಹೇಳಿದಾರಲ್ಲಮ್ಮ."

ಗಾದೆಗೆ ಗಾದೆ ಸಮವಾಯಿತು, ಅಧಿಕಾರ ಸಮವಿರಲಿಲ್ಲ. ಅಂದಿನಿಂದ ತಂಗಿಯ ಲೆಕ್ಕವನ್ನು ಚಿತ್ರಕ್ಕೆ ಸರಿಹೋಗುವಷ್ಟು ಗುಣಿಸತೊಡಗಿದರು. ಗುಣಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು, "ನೋಡಿ, ಎಷ್ಟು ಚೆನ್ನಾಗಿ ಹೊಂದ್ತಿದೆ" ಅಂದರು. ಹೊಂದದೆ ಇನ್ನೇನು? ಬಾವಿಯೊಳಗೆ ಕೂಗಿ, ಬಾವಿಯೂ ಒಪ್ಪಿತು ಎಂದಂತಾಯಿತು. ಬಿರುಗಾಳಿ ಬಂದಾಗಲೆಲ್ಲ ಇನ್ನಷ್ಟು ಗುಣಿಸಬೇಕಾಗುತ್ತಿತ್ತು. ಅವಳು ಕುರುಡಾಗುತ್ತಿರುವುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡರು.

ಕೊನೆಗೆ ತಂಗಿಯಿದ್ದ ಉಪಗ್ರಹದ ಬ್ಯಾಟರಿ ಸೊರಗಿತು. ಒಂದು ಉಪಕರಣಕ್ಕೆ ವಿದ್ಯುತ್ ನಿಲ್ಲಿಸಿ ಅದನ್ನು ಆರಿಸಲೇಬೇಕು ಎಂದಾಗ ಎಲ್ಲರ ಬೆರಳೂ ಅವಳ ಕಡೆಗೇ ತಿರುಗಿತು.

"ಸ್ವಲ್ಪ ತಡೀರಿ ಸರ್," ಅಂದರು ಮೇಡಂ. "ತಂಗಿ ಅಲ್ಲಿ ತಿಂದಷ್ಟು ಪೆಟ್ಟು ಈ ಅಕ್ಕಂಗೂ ಕೊಡ್ತೀನಿ. ಎಷ್ಟು ಮಂಜಾಗ್ತಾಳೋ ನೋಡೇಬಿಡೋಣ."

"ಆಮೇಲೆ ಇದನ್ನ ಮುಂದಿನ ಉಪಗ್ರಹಕ್ಕೆ ಕಟ್ಟೋ ಹಾಗಿಲ್ಲ. ಗೊತ್ತಲ್ಲ?"

ಮೇಡಂ ನನ್ನ ಕಡೆ ನೋಡಲಿಲ್ಲ. "ಗೊತ್ತು ಸರ್," ಅಂದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ. ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ! ಗಾಳಿ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿ, ವಾರಗಟ್ಟಲೆ ಅಯಾನುಗಳನ್ನು ಮುಖಕ್ಕೆ ಸುರಿದರು. ಬಿಡುವಿಲ್ಲ, ಮರೆಯಿಲ್ಲ. ಅವಳು ಮದುವಣಗಿತ್ತಿಯಂತೆ ಮೆರೆಯುತ್ತಿದ್ದಾಳೆಂದು ನಾನು ಕರುಬುತ್ತಿದ್ದ ದಿನಗಳಲ್ಲೆಲ್ಲ ಅವಳು ಇದನ್ನೇ ಉಣ್ಣುತ್ತಿದ್ದಳಲ್ಲ ಎಂದು ಆಗ ಅರ್ಥವಾಯಿತು. ಆ ಪೆಟ್ಟಿಗೆಯೊಳಗೆ ನನಗೆ ಅವಳ ಮೇಲೆ ಮೊದಲ ಬಾರಿ ಅಯ್ಯೋ ಅನಿಸಿತು.

ಅಷ್ಟೆಲ್ಲ ಪೆಟ್ಟು ತಿಂದ ಮೇಲೂ ನನ್ನ ಕಣ್ಣು ಮಂಜಾದದ್ದು ಸ್ವಲ್ಪವೇ. ಅಂದರೆ ತಂಗಿ ಕುರುಡಾಗಿರಲಿಲ್ಲ. ಇದ್ದದ್ದನ್ನು ಇದ್ದಂತೆ ಎಣಿಸಿದ್ದಳು. ಮೇಡಂ ಓಡಿಹೋಗಿ ಹೇಳಿದರು. ಡಾ. ವೃಷಭೇಂದ್ರ ಕುರ್ಚಿಯಿಂದ ಎದ್ದು ನಿಂತರು.

"ಕಾಯೋಕ್ಕಾಗ್ಲಿಲ್ಲಮ್ಮ. ಉಪಗ್ರಹ ಭೂಮಿಯ ನೆರಳಿಗೆ ಬಂತು, ಬ್ಯಾಟರಿ ತಡೀಲಿಲ್ಲ. ಹೋದ ವಾರಾನೇ ಆರಿಸಿಬಿಟ್ರು."

ಅವರು ಕೆಟ್ಟವರಲ್ಲ. ಅಂದೇ ಕುಳಿತು ಚಿತ್ರವನ್ನು ಹೊಸದಾಗಿ ಓದಿದರು. ಭೂಮಿಗೆ ಹತ್ತಿರ ಜಲಜನಕ ದಟ್ಟ. ಅಲ್ಲಿ ಅಯಾನುಗಳು ಕಡಿಮೆಯಿದ್ದರೂ ತಪ್ಪಿಸಿಕೊಂಡು ಹಾರುವವು ಹೆಚ್ಚು. ಆ ಹೊಳಪನ್ನು ದೂರದ ಕ್ಯಾಮೆರಾ ತಂಗಿಯಿದ್ದ ಜಾಗದ ಜೊತೆ ಕಲಸಿ ತೋರಿಸಿತ್ತು. "ತಪ್ಪು ನಂದೇ," ಅಂದರು. "ಎಬ್ಸಿ ಅವಳನ್ನ." ಅದುವರೆಗೆ ಅವರು ತಂಗಿಯನ್ನು 'ಅದು' ಎನ್ನುತ್ತಿದ್ದರು.

ಎಬ್ಬಿಸುವ ಆಜ್ಞೆ ಮೇಲಕ್ಕೆ ಹೋಯಿತು. ಮತ್ತೆ ಮತ್ತೆ ಹೋಯಿತು. ನೆರಳಿನ ಚಳಿಯಲ್ಲಿ ಆರಿ ಕೂತವಳು ಓಗೊಡಲಿಲ್ಲ. ಈಗ ಅವಳ ಲೆಕ್ಕಗಳನ್ನು ಗುಣಿಸದೆ, ಇದ್ದ ಹಾಗೇ ಇಟ್ಟಿದ್ದಾರೆ. ಅವಳು ಹೇಳಿದ್ದು ನಿಜವೆಂದು ಎಲ್ಲರಿಗೂ ಗೊತ್ತು, ಅವಳೊಬ್ಬಳನ್ನು ಬಿಟ್ಟು.

ನಾನೀಗ ಸಂದರ್ಶಕರ ಕೋಣೆಯ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಮೇಲಿನ ಗೋಡೆಗೆ ಆ ಹೊಳೆಯುವ ಚಿತ್ರ ತೂಗುಹಾಕಿದ್ದಾರೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಬೇಸರವಿಲ್ಲ ಎಂದರೆ ನಂಬಬೇಡಿ.

ಗಾಜಿನೊಳಗೆ ಇಡುವ ದಿನ ನನ್ನನ್ನು ಹೊತ್ತು ತಂದವರು ಮೇಡಂ. ಆವರೆಗೂ ನನ್ನೊಳಗೆ ಒಂದು ಎಳೆ ಆಸೆ ಉಳಿದಿತ್ತು. ಸ್ವಲ್ಪವೇ ತಾನೇ ಮಂಜಾಗಿರುವುದು, ಹೇಗಾದರೂ ಒಪ್ಪಿಸಿ ಕಳಿಸಿಯಾರು ಎಂದು. ಅವರು ನನ್ನನ್ನು ಕೆಳಗಿಟ್ಟು, ಒಂದೊಂದೇ ಗವಸು ಕಳಚಿ, ಅಂಗೈಯನ್ನು ನನ್ನ ಮೇಲೆ ಊರಿದರು.

"ಇನ್ನೇನು ಕಣೆ," ಅಂದರು.

ಕೈ ಬೆಚ್ಚಗಿತ್ತು.