ಕಂಬಳಿ ಹೊದ್ದ ಕೋಣೆ

ಆ ಕೋಣೆಯ ಗೋಡೆಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಒಳಗೆ ಕಾಲಿಟ್ಟರೆ ಬೀದಿಯ ಗದ್ದಲವನ್ನು ಯಾರೋ ಕೈಹಿಡಿದು ದೂರ ಕರೆದೊಯ್ದಂತಾಗುತ್ತಿತ್ತು. ಉಳಿಯುತ್ತಿದ್ದುದು ಓದುವವರ ದನಿ ಮಾತ್ರ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೋಣೆ ಅದು. ಅದನ್ನು ನೋಡಿಕೊಳ್ಳುತ್ತಿದ್ದ ಅಕ್ಕನಿಗೂ ಹುಟ್ಟಿನಿಂದ ಕಣ್ಣಿರಲಿಲ್ಲ. ಅವಳ ಪಾಲಿಗೆ ಜಗತ್ತೆಂದರೆ ದನಿಗಳು ತೇಲಿಬಂದು ಮುಳುಗುವ ಕೆರೆ.

ಈಚೆಗೆ ಆ ಕೆರೆ ಬತ್ತಿತ್ತು. ಓದಲು ಬರುತ್ತಿದ್ದ ನಿವೃತ್ತರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮೊಮ್ಮಗ. ಕೋಣೆ ನಡೆಸುತ್ತಿದ್ದ ಸಂಘದ ಅಧ್ಯಕ್ಷರು ಬಂದು, "ಓದೋರೇ ಇಲ್ಲದ ಕೋಣೆ ಯಾಕಮ್ಮಾ? ತಿಂಗಳ ಕೊನೆಗೆ ಬೀಗ ಹಾಕ್ತೀನಿ. ಮುರಿದ ಕುರ್ಚಿಗಳಿಗಾದರೂ ಜಾಗ ಆಗುತ್ತೆ," ಎಂದು ಹೇಳಿ ಹೋದರು.

 ಅಕ್ಕ ಕೇಳಿದ ಮೊದಲ ಕಥೆ ಇದೇ ಕೋಣೆಯಿಂದ ಬಂದದ್ದು.

ಓದುವವರನ್ನು ಹುಡುಕಿಕೊಂಡು ಅವಳು ಕೋಲು ಹಿಡಿದು ಬೀದಿಗಿಳಿದಳು. ಎದುರಿಗೆ ಅಂಗಿ ಹೊಲಿಯುವ ಕಾರ್ಖಾನೆ ಬಿಡುತ್ತಿತ್ತು.

"ನಿಮ್ಮ ಬೋರ್ಡು ದಿನಾ ಓದ್ತೀನಿ ಅಕ್ಕಾ," ಎಂದಳು ಅಲ್ಲಿಂದ ಹೊರಬಂದ ಹೊಲಿಗೆಯವಳೊಬ್ಬಳು. "ಸಂಜೆ ನಾಲ್ಕಕ್ಕೆ ಬನ್ನಿ, ಶುದ್ಧ ದನಿಯವರು ಮಾತ್ರ, ಮಕ್ಕಳನ್ನ ತರಬಾರದು ಅಂತ ಬರೆದಿದೆ. ನಾಲ್ಕಕ್ಕೆ ನಾನು ಕಾಲರ್ ಕೂರಿಸ್ತಾ ಇರ್ತೀನಿ. ರಜೆ ದಿನ ಮಗು ಸೊಂಟ ಬಿಟ್ಟು ಇಳಿಯಲ್ಲ. ಆಸೆಯೇನೋ ಬೆಟ್ಟದಷ್ಟಿದೆ."

ಪಕ್ಕದಲ್ಲಿದ್ದ ಬಸ್ ಕಂಡಕ್ಟರ್ ನಕ್ಕ. "ನನ್ನ ಗಂಟಲು ಕೇಳಿದರೆ ನಿಮ್ಮೋರು ಮುಂದಿನ ಸ್ಟಾಪಲ್ಲೇ ಇಳ್ಕೊಂಡುಬಿಡ್ತಾರೆ!"

ಅಕ್ಕ ಕನಸಿನಲ್ಲಿ ನಡೆದಂತೆ ಮರಳಿದಳು. ಜನರಿಗೆ ಸೇವಾಮನೋಭಾವವೇ ಇಲ್ಲವೆಂದು ಗೊಣಗುವ ಸಂಘ, ಪುರುಸೊತ್ತೆಂಬ ಆಸ್ತಿ ಉಳ್ಳವರಿಗಷ್ಟೇ ಬಾಗಿಲು ತೆರೆದು ಕೂತಿತ್ತು. ದುಡಿದು ಹಣ್ಣಾದವರಿಗೆ ಕೊಡುವ ಮನಸ್ಸಿಲ್ಲವೆಂದು ತೀರ್ಪು ಕೊಟ್ಟವರು ಯಾರು? ಈ ಬೋರ್ಡೇ ತಾನೇ! ಅವಳು ಅದನ್ನು ಕಿತ್ತು ಕುಂಟುತ್ತಿದ್ದ ಮೇಜಿನ ಕಾಲಿಗೆ ಒತ್ತುಕೊಟ್ಟಳು.

ಆಮೇಲೆ ಬಿಡುವಾದಾಗ ಬಂದವರಿಗೆಲ್ಲ ಬಾಗಿಲು ತೆರೆಯಿತು. ಡ್ಯೂಟಿ ಇಳಿದು ಬಂದ ಕಂಡಕ್ಟರ್ ಮೊದಲ ಸಾಲಿಗೇ ಕಂಬಳಿಗಳ ಧೂಳು ಉದುರಿಸಿದ. "ಬಸ್ಸಿಗೆಲ್ಲ ಕೂಗಬೇಡಿ ಅಣ್ಣಾ," ಎಂದಳು ಅಕ್ಕ. "ಕಿಟಕಿ ಪಕ್ಕ ಕೂತಿರೋ ಒಬ್ಬರಿಗೆ ಹೇಳಿ." ಅವನ ದನಿ ಮೆತ್ತಗಾಗಿ, ಕಥೆಯೇ ಕಿಟಕಿಯಾಚೆ ಜಾರುವ ಹೊಲಗಳಂತೆ ಹರಿಯತೊಡಗಿತು. ಹೊಲಿಗೆಯವಳು ರಜೆಯ ದಿನ ಬಂದಳು. ಅವಳು ಓದುವಷ್ಟು ಹೊತ್ತೂ ಅಕ್ಕ ಬಾಗಿಲಾಚೆಯ ಮೆಟ್ಟಿಲ ಮೇಲೆ ಮಗುವನ್ನು ಎತ್ತಿಕೊಂಡು ಕೂರುತ್ತಿದ್ದಳು.

ತಿಂಗಳ ಕೊನೆಗೆ ಅಧ್ಯಕ್ಷರು ಕೀಲಿ ನೇತಾಡುವ ತುಕ್ಕುಬೀಗ ಹಿಡಿದು ಬಂದರು. ಒಳಗೆ ಹೊಲಿಗೆಯವಳು ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದ್ದಳು. ಹೊರಗೆ ಮಗು ರಚ್ಚೆ ಹಿಡಿದಿತ್ತು.

"ಇದೇನು, ಓದೋ ಕೋಣೆನೋ, ತೊಟ್ಟಿಲ ಮನೆನೋ?"

"ಎರಡೂ, ಸರ್."

"ಅಳು ರೆಕಾರ್ಡ್ ಆಗುತ್ತಲ್ಲ! ಕೇಳೋರು ಏನಂದುಕೋತಾರೆ?"

"ಓದೋಳಿಗೆ ಮಗು ಇದೆ ಅಂದುಕೋತಾರೆ. ಕಣ್ಣಿಲ್ಲದೋರ ಮನೇಲಿ ಮಕ್ಕಳು ಅಳಲ್ಲ ಅಂತ ತಿಳಿದಿದ್ದೀರಾ?"

"ವಾದ ಬೇಡ. ಇಬ್ಬರು ಮೂವರು ಬಂದಿದ್ದಕ್ಕೆ ಕೋಣೆ ಉಳಿಯಲ್ಲ."

"ಇನ್ನೂ ಬರ್ತಾರೆ ಸರ್. ಓದೋರಿಗೆ ಬರವಿಲ್ಲ, ಮಗು ಎತ್ತಿಕೊಳ್ಳೋರಿಗೆ ಬರ."

ಒಳಗೆ ಹೊಲಿಗೆಯವಳಿಗೆ ಕೆಮ್ಮು ಹತ್ತಿತು. ಧ್ವನಿಮುದ್ರಣದ ಯಂತ್ರ ನಿಲ್ಲಿಸಬೇಕಿತ್ತು. "ಸ್ವಲ್ಪ ಹಿಡೀರಿ," ಎಂದು ಅಕ್ಕ ಮಗುವನ್ನು ಅಧ್ಯಕ್ಷರ ತೋಳಿಗೆ ದಾಟಿಸಿ ಒಳಹೊಕ್ಕಳು. ಹಿಂದೆ, "ಏಯ್, ಏನಮ್ಮಾ ಇದು!" ಎಂಬ ಕೂಗು.

ನೀರು ಕುಡಿದು ಹೊಲಿಗೆಯವಳು ಮತ್ತೆ ಓದಿಗಿಳಿದಳು. ಅಳು ನಿಂತಿತ್ತು. ಬಾಗಿಲಡಿಯಿಂದ ಕಿಣಿಕಿಣಿ ಸದ್ದೊಂದು, ನೀರಿನಾಚೆ ಮೇಯುವ ಹಸುವಿನ ಗಂಟೆಯಂತೆ ತೇಲಿಬರುತ್ತಿತ್ತು. ಅದರ ಹಿಂದೆಯೇ ಪಿಸುದನಿ: "ಬಾಯಿಗಿಟ್ಟುಕೋಬೇಡ ಮರೀ, ತುಕ್ಕು, ತುಕ್ಕು." ಹೊಲಿಗೆಯವಳು ಓದು ನಿಲ್ಲಿಸಿದಳು. ಅಕ್ಕ ಅವಳ ಭುಜ ಅದುಮಿದಳು, ಓದು ಮುಂದುವರಿಯಿತು. ಕೊನೆಯ ಪುಟ ಮುಗಿಯುವವರೆಗೂ ಆ ಕಿಣಿಕಿಣಿ ಪುಸ್ತಕದೊಳಗೆ ಸೇರಿಕೊಳ್ಳುತ್ತಲೇ ಇತ್ತು.

ಅಕ್ಕ ಹೊರಬಂದಾಗ ಬೀದಿಯೂ ಕಂಬಳಿ ಹೊದ್ದಂತಿತ್ತು.

"ಮಲಗಿಬಿಡ್ತು," ಎಂದು ಅಧ್ಯಕ್ಷರು ಉಸುರಿದರು. "ಅಲ್ಲಾಡೋ ಹಾಗಿಲ್ಲ ನಾನು."

"ಬೀಗ?"

"ಮಗು ಮುಷ್ಟೀಲಿದೆ. ಬಿಡಿಸಿಕೊಂಡರೆ ಎದ್ದುಬಿಡುತ್ತೆ."

"ಹಾಗಾದರೆ ಅಲ್ಲೇ ಇರಲಿ ಬಿಡಿ," ಎಂದಳು ಅಕ್ಕ. "ಸ್ವಲ್ಪ ಸರೀರಿ ಸರ್, ಕಂಡಕ್ಟರಣ್ಣ ಬರೋ ಹೊತ್ತಾಯ್ತು."

ಅಧ್ಯಕ್ಷರು ಮಗುವಿನ ತಲೆ ಜಾರದಂತೆ ಮೆಲ್ಲಗೆ ಮೆಟ್ಟಿಲ ಅಂಚಿಗೆ ಸರಿದು ದಾರಿ ಬಿಟ್ಟರು.